ನಂಜು ರೋಗಕ್ಕೆ ಕೈಟೊಸಾನ್, ಲ್ಯಾಮಿನಾರಿನ್: ಬಳಸಿದವ್ರು ಸ್ವಲ್ಪ ಹೇಳಿ

ಟೊಮೆಟೊ ಗಿಡಕ್ಕೆ ಮೊಸಾಯಿಕ್ (ಎಲೆ ಮೇಲೆ ಮಚ್ಚೆ ಬೀಳೋ ವೈರಸ್ ರೋಗ) ಕಾಟ ಜಾಸ್ತಿ ಆಗಿದೆ. ಕೈಟೊಸಾನ್ ಹೊಡೆದ್ರೆ ಗಿಡಾನೇ ವೈರಸ್ ತಡ್ಕೊಳುತ್ತೆ ಅಂತಾರೆ, ನಿಜಾನಾ? ಯಾವಾಗ ಹೊಡೀಬೇಕು?

— ನಿಜ ಸರ್, ಆದ್ರೆ ರೋಗ ಬರೋಕೆ ಮುಂಚೆ ಹೊಡೀಬೇಕು. ಇದು ವೈರಸ್ ಕೊಲ್ಲೋ ಔಷಧಿ ಅಲ್ಲ. ಕೈಟಿನ್, ಕೈಟೊಸಾನ್ ಎಲ್ಲಾ ಫಂಗಸ್ಸಿನ ಗೋಡೆಯಲ್ಲಿ ಇರೋ ವಸ್ತು, ಎಲೆ ಮೇಲೆ ಬಿದ್ದಾಗ ಗಿಡ ಯಾವ್ದೋ ಫಂಗಸ್ ಬಂತು ಅಂದ್ಕೊಂಡು ಎಚ್ಚರ ಆಗುತ್ತೆ, ರಕ್ಷಣೆ ಪ್ರೋಟೀನ್ ಮಾಡ್ಕೊಳುತ್ತೆ, ಒಂದು ಕೋಶದಿಂದ ಇನ್ನೊಂದಕ್ಕೆ ಇರೋ ಸಣ್ಣ ದಾರಿ ಬಾಯಲ್ಲಿ ಕ್ಯಾಲೋಸ್ ಅನ್ನೋ ಸಕ್ಕರೆ ಸರಪಳಿ ವಸ್ತು ತುಂಬ್ಕೊಳುತ್ತೆ, ವೈರಸ್ ದಾಟೋದೇ ಆ ದಾರೀಲಿ, ಹಾಗಾಗಿ ಹರಡೋದು ನಿಧಾನ ಆಗುತ್ತೆ. ಆಗ್ಲೇ ಮಚ್ಚೆ ಬಿದ್ದಿರೋ ಗಿಡಕ್ಕೆ ಹೊಡೆದು ದುಡ್ಡು ಕಳೀಬೇಡಿ, ಕಿತ್ತು ದೂರ ಹಾಕಿ. ನಾನು ಸಸಿ ಇರುವಾಗ್ಲೇ ಶುರು ಮಾಡ್ತೀನಿ, ಪಕ್ಕದಲ್ಲಿ ಒಂದೆರಡು ಸಾಲು ಹೊಡೀದೆ ಬಿಡ್ತೀನಿ, ಇಲ್ದಿದ್ರೆ ಕೆಲಸ ಮಾಡ್ತೋ ಇಲ್ವೋ ಗೊತ್ತೇ ಆಗಲ್ಲ.

— ಕರಗಿಸೋದ್ರಲ್ಲೇ ಅರ್ಧ ಕೆಲಸ ಇದೆ. ಪುಡಿ ಬರೀ ನೀರಲ್ಲಿ ಕರಗಲ್ಲ, ಸ್ವಲ್ಪ ಅಸಿಟಿಕ್ ಆಸಿಡ್ ಬೇಕು, ಪಿಎಚ್ ಸುಮಾರು 6.5 ದಾಟಿದ್ರೆ ಹಾಲು ಒಡೆದ ಹಾಗೆ ಗಂಟು ಕಟ್ಟಿ ನಾಝಲ್ ಕಟ್ಕೊಳುತ್ತೆ. ಹೊಡೀದೆ ಬಿಡೋ ಸಾಲಿಗೂ ಅದೇ ಆಸಿಡ್ ನೀರನ್ನ ಹೊಡೀರಿ, ಆಗ್ಲೇ ಹೋಲಿಕೆ ಸರಿ. ಕೊಳ್ಳುವಾಗ ಡಿ-ಅಸಿಟೈಲೇಶನ್ (ಕೈಟಿನ್‌ನಿಂದ ಅಸಿಟೈಲ್ ಗುಂಪು ತೆಗೆದಿರೋ ಪ್ರಮಾಣ) ಎಷ್ಟು, ಮಾಲಿಕ್ಯುಲರ್ ತೂಕ (ಅಣುವಿನ ತೂಕ) ಎಷ್ಟು ಅಂತ ಕೇಳಿ. ಇವೆರಡೂ ಬದಲಾದ್ರೆ ಗಿಡ ಕೊಡೋ ಉತ್ತರಾನೂ ಬದಲಾಗುತ್ತೆ, ಎಲ್ಲಾ ಕೈಟೊಸಾನೂ ಒಂದೇ ಅಲ್ಲ.

— ಲ್ಯಾಮಿನಾರಿನ್ ಬಗ್ಗೆ ಯಾರೂ ಹೇಳಿಲ್ಲ. ಅದು ಕಂದು ಕಡಲಪಾಚಿಯ ಸಕ್ಕರೆ ಸರಪಳಿ. 2004ರಲ್ಲಿ ಬಂದ ಒಂದು ಸಂಶೋಧನೇಲಿ ತಂಬಾಕು ಗಿಡಕ್ಕೆ ಹಾಗೇ ಲ್ಯಾಮಿನಾರಿನ್ ಕೊಟ್ಟಾಗ ಸ್ಯಾಲಿಸಿಲಿಕ್ ಆಸಿಡ್ ದಾರಿ (ಗಿಡದೊಳಗೆ ರಕ್ಷಣೆ ಎಬ್ಬಿಸೋ ಸಂಕೇತ) ಎದ್ದಿರ್ಲಿಲ್ಲ, ಅದಕ್ಕೇ ಸಲ್ಫೇಟ್ ಜೋಡಿಸಿ ಕೊಟ್ಟಾಗ ಎದ್ದಿತ್ತು, ತಂಬಾಕು ಮೊಸಾಯಿಕ್ ವೈರಸ್ ಎದುರು ರಕ್ಷಣೇನೂ ಬಲವಾಗಿ ಸಿಕ್ಕಿತ್ತು! ಅಂದ್ರೆ ಕೆಲಸ ಮಾಡಿದ್ದು ಆ ಮಾರ್ಪಾಡು. ಹಾಗಾಗಿ ಡಬ್ಬಿ ಮೇಲೆ ಬರೀ ಲ್ಯಾಮಿನಾರಿನ್ ಅಂತ ಇದ್ರೆ ಆ ಫಲಿತಾಂಶ ನಿರೀಕ್ಷೆ ಮಾಡ್ಬೇಡಿ.

— ಮೇಲಿನವ್ರು ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ, ಟೊಮೆಟೊ ಮೊಸಾಯಿಕ್ ಕೈಯಿಂದ, ಕತ್ತರಿಯಿಂದ, ಬೀಜದಿಂದ ಹರಡುತ್ತೆ. ಚಿವುಟೋ ಕೆಲಸ ಇದ್ದಾಗ ಮೊದಲು ಚೆನ್ನಾಗಿರೋ ಗಿಡ ಮುಗಿಸಿ, ಮಧ್ಯೆ ಮಧ್ಯೆ ಕೈ ಸೋಪಲ್ಲಿ ತೊಳೀರಿ. ಇದನ್ನ ಬಿಟ್ಟು ಬರೀ ಸ್ಪ್ರೇ ನಂಬಿದ್ರೆ ಗಿಡ ಉಳಿಯಲ್ಲ.