ಡೆಬಿಯನ್ 12: ಸ್ವಾಪ್ ಪಾರ್ಟಿಷನ್ ಇದ್ದರೂ ಸ್ವಾಪ್ ಸೊನ್ನೆ, ಗಿಂಪ್ ತಾನಾಗಿಯೇ ಮುಚ್ಚಿಹೋಗುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 4 ಜಿಬಿ ರ್‍ಯಾಮ್ ಮತ್ತು 500 ಜಿಬಿ ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್. ಡೆಬಿಯನ್ 12 ಎಂಬ ಲಿನಕ್ಸ್ ವಿತರಣೆ ಬಳಸುತ್ತಿದ್ದೇನೆ. ನಮ್ಮ ತಂದೆಯವರು ಕೂಡಿಟ್ಟಿದ್ದ ಮಾಸಪತ್ರಿಕೆಗಳ ಹಳೆಯ ಸಂಚಿಕೆಗಳನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ) ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕಲೆಗಳನ್ನು ತೆಗೆದು, ಆಮೇಲೆ ಟೆಸೆರಾಕ್ಟ್‌ನಿಂದ ಕನ್ನಡ ಪಠ್ಯವಾಗಿಸುವ ಕೆಲಸ ನಡೆದಿದೆ. ಎರಡು ವಾರದಿಂದ ಈಚೆಗೆ ಹತ್ತು ಹನ್ನೆರಡು ಪುಟಗಳನ್ನು ಒಟ್ಟಿಗೆ ತೆರೆದುಕೊಂಡರೆ ಸಾಕು, ಯಾವ ಎಚ್ಚರಿಕೆಯೂ ಇಲ್ಲದೆ ಗಿಂಪ್ ಮುಚ್ಚಿಹೋಗುತ್ತದೆ. ಉಳಿಸದೇ ಇದ್ದ ಕೆಲಸ ಪೂರ್ತಿ ಹೋಗುತ್ತದೆ.

ಡೆಬಿಯನ್ ಹಾಕುವಾಗ ಸ್ವಾಪ್ ಪಾರ್ಟಿಷನ್ (ಮೆಮೊರಿ ಸಾಲದಾದಾಗ ಬಳಸಲು ಡಿಸ್ಕಿನಲ್ಲಿ ಬಿಟ್ಟ ಭಾಗ) ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಈಗ ಮೆಮೊರಿಯ ಲೆಕ್ಕ ತೋರಿಸುವ ಫ್ರೀ ಆದೇಶ ಕೊಟ್ಟರೆ ಸ್ವಾಪ್ ಸಾಲಿನಲ್ಲಿ ಬರೀ ಸೊನ್ನೆ ಕಾಣುತ್ತದೆ. ಇನ್ನೊಂದು ಸಂಗತಿ, ಇದಕ್ಕೆ ಸಂಬಂಧವಿದೆಯೋ ಇಲ್ಲವೋ ತಿಳಿಯದು: ಲ್ಯಾಪ್‌ಟಾಪ್ ಬೂಟ್ ಆಗಲು ಮೊದಲಿಗಿಂತ ಸುಮಾರು ಎರಡು ನಿಮಿಷ ಹೆಚ್ಚು ಹಿಡಿಯುತ್ತಿದೆ.

ಮೊದಲ ಉತ್ತರ

ಸರ್, ನಮಸ್ಕಾರ. ನಿಮ್ಮ ಎರಡು ತೊಂದರೆಗಳ ಬೇರು ಒಂದೇ ಇರಬೇಕೆಂದು ನನ್ನ ಅಂದಾಜು. ಖಚಿತಪಡಿಸಿಕೊಳ್ಳಲು ಮೂರು ವಿಷಯಗಳನ್ನು ನೋಡಿ ಹೇಳಿ. ಗಿಂಪ್ ಮುಚ್ಚಿದ ಕೂಡಲೇ ಜರ್ನಲ್‌ಸಿಟಿಎಲ್‌ನಲ್ಲಿ ಕರ್ನೆಲ್‌ನ (ವ್ಯವಸ್ಥೆಯ ತಿರುಳಿನ) ಸಂದೇಶಗಳನ್ನು ತೆರೆದು, ‘ಔಟ್ ಆಫ್ ಮೆಮೊರಿ’ ಎಂಬ ಸಾಲಿದೆಯೇ ಹುಡುಕಿ. ಆಮೇಲೆ ಎಲ್‌ಎಸ್‌ಬಿಎಲ್‌ಕೆ ಆದೇಶಕ್ಕೆ ಎಫ್ ಆಯ್ಕೆ ಸೇರಿಸಿ ಕೊಟ್ಟು, ಸ್ವಾಪ್ ಪಾರ್ಟಿಷನ್ನಿನ ಯುಯುಐಡಿಯನ್ನು (ಅದರ ವಿಶಿಷ್ಟ ಗುರುತು) ಇಟಿಸಿ ಫೋಲ್ಡರಿನಲ್ಲಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ (ಬೂಟ್ ವೇಳೆ ಬಳಸಬೇಕಾದ ಪಾರ್ಟಿಷನ್ನುಗಳ ಪಟ್ಟಿ) ಬರೆದಿರುವ ಯುಯುಐಡಿಯೊಂದಿಗೆ ಹೋಲಿಸಿ. ಕೊನೆಯದಾಗಿ, ಎರಡು ವಾರದ ಹಿಂದೆ ಡಿಸ್ಕಿನಲ್ಲಿ ಬೇರೆ ಏನನ್ನಾದರೂ ಇನ್‌ಸ್ಟಾಲ್ ಮಾಡಿದ್ದಿರಾ?

ಪ್ರಶ್ನೆ ಕೇಳಿದವರು

ತಾವು ಹೇಳಿದ್ದು ಸರಿಯಾಗಿದೆ. ಕರ್ನೆಲ್ ಸಂದೇಶಗಳಲ್ಲಿ ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್’ ಎಂಬ ಸಾಲು ಇದ್ದು, ಆವರಣದಲ್ಲಿ ಗಿಂಪ್‌ನ ಹೆಸರೇ ಇದೆ. ಎರಡೂ ಯುಯುಐಡಿಗಳು ಬೇರೆ ಬೇರೆ. ಮೊದಲ ಅಕ್ಷರದಿಂದಲೇ ಹೊಂದುವುದಿಲ್ಲ. ಎರಡು ವಾರದ ಹಿಂದೆ ಡಿಸ್ಕಿನ ಖಾಲಿ ಜಾಗದಲ್ಲಿ ಇನ್ನೊಂದು ಲಿನಕ್ಸ್ ವಿತರಣೆಯನ್ನು ಹಾಕಿ ನೋಡಿದ್ದೆ, ಆದರೆ ಡೆಬಿಯನ್ನಿನ ಪಾರ್ಟಿಷನ್ನುಗಳನ್ನು ನಾನಂತೂ ಮುಟ್ಟಿಲ್ಲ.

ಮೊದಲ ಉತ್ತರ ಕೊಟ್ಟವರು

ನೀವು ಮುಟ್ಟದಿದ್ದರೂ ಹೊಸ ವಿತರಣೆಯ ಇನ್‌ಸ್ಟಾಲರ್ ಮುಟ್ಟಿದೆ. ಡಿಸ್ಕಿನಲ್ಲಿ ಸ್ವಾಪ್ ಪಾರ್ಟಿಷನ್ ಕಂಡರೆ ಅದನ್ನು ತನ್ನ ಬಳಕೆಗೆ ತೆಗೆದುಕೊಂಡು ಮತ್ತೊಮ್ಮೆ ಎಂಕೆಸ್ವಾಪ್ (ಸ್ವಾಪ್ ಸಿದ್ಧಪಡಿಸುವ ಆದೇಶ) ಓಡಿಸುವ ಇನ್‌ಸ್ಟಾಲರುಗಳಿವೆ. ಎಂಕೆಸ್ವಾಪ್ ಓಡಿದಾಗಲೆಲ್ಲ ಆ ಪಾರ್ಟಿಷನ್ನಿಗೆ ಹೊಸ ಯುಯುಐಡಿ ಬರುತ್ತದೆ. ಡೆಬಿಯನ್ನಿನ ಎಫ್‌ಎಸ್‌ಟ್ಯಾಬ್‌ನಲ್ಲಿ ಮಾತ್ರ ಹಳೆಯ ಗುರುತೇ ಉಳಿದಿರುವುದರಿಂದ, ಬೂಟ್ ನಡೆಸುವ ಸಿಸ್ಟಮ್‌ಡಿ ಪ್ರತಿ ಸಲವೂ ಈಗ ಇಲ್ಲವೇ ಇಲ್ಲದ ಪಾರ್ಟಿಷನ್ನಿಗಾಗಿ 90 ಸೆಕೆಂಡು ಕಾದು, ಸಿಗದೇ ಇದ್ದಾಗ ಸ್ವಾಪ್ ಇಲ್ಲದೆಯೇ ಮುಂದೆ ಹೋಗುತ್ತದೆ. ಹೀಗಾಗಿ ನಿಮ್ಮ 4 ಜಿಬಿಯೇ ಎಲ್ಲವೂ ಆಗಿದೆ. ಎ4 ಅಳತೆಯ ಒಂದು ಪುಟ 600 ಡಿಪಿಐಯಲ್ಲಿ 4960 ಅಡ್ಡ, 7016 ಉದ್ದ ಚುಕ್ಕೆಗಳಷ್ಟಾಗುತ್ತದೆ. ಬಣ್ಣದಲ್ಲಿ ಚುಕ್ಕೆಗೆ ಮೂರು ಬೈಟ್ ಹಿಡಿದರೂ ಪುಟಕ್ಕೆ 104 ಎಂಬಿ, ಹನ್ನೆರಡು ಪುಟಕ್ಕೆ ಸುಮಾರು 1.25 ಜಿಬಿ ಬೇಕು. ಲೇಯರುಗಳು, ಅನ್‌ಡೂ ಇತಿಹಾಸ, ಪಕ್ಕದಲ್ಲಿ ತೆರೆದಿರುವ ಬ್ರೌಸರ್ ಇವೆಲ್ಲ ಇದರ ಮೇಲಿನ ಲೆಕ್ಕ. ಮೆಮೊರಿ ಮುಗಿದು ಪಕ್ಕಕ್ಕೆ ಸರಿಸಲು ಜಾಗವೂ ಇಲ್ಲದಾಗ ಕರ್ನೆಲ್ ಒಂದು ಪ್ರೊಸೆಸನ್ನು ಕೊಲ್ಲಲೇಬೇಕಾಗುತ್ತದೆ, ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದಿರುವುದನ್ನೇ ಆರಿಸುತ್ತದೆ.

ಪರಿಹಾರ ಹೀಗೆ. ಎಫ್‌ಎಸ್‌ಟ್ಯಾಬ್‌ನ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡು, ಸ್ವಾಪ್ ಸಾಲಿನಲ್ಲಿ ಹಳೆಯ ಯುಯುಐಡಿ ಇರುವಲ್ಲಿ ಎಲ್‌ಎಸ್‌ಬಿಎಲ್‌ಕೆ ತೋರಿಸಿದ ಹೊಸದನ್ನು ನಕಲು ಮಾಡಿ ಅಂಟಿಸಿ. ಕೈಯಿಂದ ಟೈಪ್ ಮಾಡಬೇಡಿ, ಒಂದಕ್ಷರ ತಪ್ಪಿದರೂ ಮತ್ತೆ ಇದೇ ಕಥೆ. ಬಳಿಕ ಸಿಸ್ಟಮ್‌ಸಿಟಿಎಲ್‌ಗೆ ಡೀಮನ್-ರೀಲೋಡ್ ಕೊಟ್ಟು, ಸ್ವಾಪ್‌ಆನ್‌ಗೆ ಎ ಆಯ್ಕೆ ಕೊಟ್ಟರೆ ರೀಬೂಟ್ ಇಲ್ಲದೆಯೇ ಸ್ವಾಪ್ ಚಾಲೂ ಆಗುತ್ತದೆ.

ಎರಡು ವ್ಯವಸ್ಥೆಗಳು ಒಂದೇ ಸ್ವಾಪ್ ಪಾರ್ಟಿಷನ್ ಹಂಚಿಕೊಳ್ಳುವುದರಲ್ಲಿ ದಿನನಿತ್ಯದ ಬಳಕೆಗೆ ದೋಷವಿಲ್ಲ. ಆದರೆ ಒಂದರಲ್ಲಿ ಹೈಬರ್ನೇಟ್ ಮಾಡಿ ಇನ್ನೊಂದನ್ನು ಎಬ್ಬಿಸುವುದನ್ನು ಎಂದಿಗೂ ಮಾಡಬೇಡಿ. ಹೈಬರ್ನೇಟ್ ಆದಾಗ ಮೆಮೊರಿಯಲ್ಲಿದ್ದುದೆಲ್ಲ ಅದೇ ಪಾರ್ಟಿಷನ್ನಿನಲ್ಲಿ ಬರೆದಿರುತ್ತದೆ. ಎರಡನೆಯ ವ್ಯವಸ್ಥೆ ಅದನ್ನು ತನ್ನ ಸ್ವಾಪ್ ಎಂದುಕೊಂಡು ಅದರ ಮೇಲೆಯೇ ಬರೆದುಬಿಡುತ್ತದೆ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ಸ್ವಾಪ್ ಮರಳಿ ಬಂದಿದೆ, ಆದರೆ ಅದು 975 ಎಂಬಿ ಮಾತ್ರ. ಬೂಟ್‌ನಲ್ಲಿ ಒಂದೂವರೆ ನಿಮಿಷ ಉಳಿತಾಯವಾದರೂ ಆರಂಭದಲ್ಲಿ ಇನ್ನೂ ಅರ್ಧ ನಿಮಿಷ ನಿಂತು, ‘ಗೇವ್ ಅಪ್ ವೇಟಿಂಗ್ ಫಾರ್ ಸಸ್ಪೆಂಡ್/ರೆಸ್ಯೂಮ್ ಡಿವೈಸ್’ ಎನ್ನುತ್ತದೆ.

ಸ್ವಾಪ್ ಸಾಲದೆಂದು 4 ಜಿಬಿಯ ಸ್ವಾಪ್ ಕಡತವನ್ನೂ ಮಾಡಲು ಹೋದೆ. ಟ್ರಂಕೇಟ್ ಆದೇಶದಿಂದ ಕಡತ ಕ್ಷಣಮಾತ್ರದಲ್ಲಿ ತಯಾರಾಯಿತು, ಎಂಕೆಸ್ವಾಪ್ ಕೂಡ ತಕರಾರಿಲ್ಲದೆ ಮುಗಿಯಿತು. ಸ್ವಾಪ್‌ಆನ್ ಮಾತ್ರ ‘ಸ್ಕಿಪ್ಪಿಂಗ್, ಇಟ್ ಅಪಿಯರ್ಸ್ ಟು ಹ್ಯಾವ್ ಹೋಲ್ಸ್’ ಎಂದು ನಿರಾಕರಿಸುತ್ತಿದೆ. ಅದಕ್ಕೂ ಮೊದಲು 0644 ಅನುಮತಿ ಸುರಕ್ಷಿತವಲ್ಲ, 0600 ಇರಲಿ ಎಂಬ ಎಚ್ಚರಿಕೆಯೂ ಬಂತು.

ಮೊದಲ ಉತ್ತರ ಕೊಟ್ಟವರು

ಅರ್ಧ ನಿಮಿಷದ ವಿಷಯ ಸುಲಭದ್ದು. ಅದೇ ಹಳೆಯ ಯುಯುಐಡಿ ಇಟಿಸಿಯ ಒಳಗೆ ಇನಿಟ್‌ರ್‍ಯಾಮ್‌ಎಫ್‌ಎಸ್-ಟೂಲ್ಸ್, ಅದರೊಳಗೆ ಕಾನ್ಫ್.ಡಿ, ಅಲ್ಲಿನ ರೆಸ್ಯೂಮ್ ಎಂಬ ಕಡತದಲ್ಲಿಯೂ (ಹೈಬರ್ನೇಟ್‌ನಿಂದ ಏಳುವಾಗ ಎಲ್ಲಿ ನೋಡಬೇಕೆಂದು ಹೇಳುವುದು) ಇರುತ್ತದೆ. ಅದನ್ನೂ ಬದಲಿಸಿ, ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್‌ಗೆ ಯು ಆಯ್ಕೆ ಕೊಟ್ಟು ಓಡಿಸಿ.

ಸ್ವಾಪ್ ಕಡತದ ದೋಷ ಟ್ರಂಕೇಟ್‌ನದು. ಅದು ಕಡತದ ಉದ್ದವನ್ನು 4 ಜಿಬಿ ಎಂದು ದಾಖಲಿಸುತ್ತದೆಯೇ ಹೊರತು ಡಿಸ್ಕಿನಲ್ಲಿ ಜಾಗವನ್ನು ಕಾಯ್ದಿರಿಸುವುದಿಲ್ಲ. ಡಿಯು ಆದೇಶ ಕೊಟ್ಟು ನೋಡಿದರೆ 4 ಜಿಬಿ ಕಡತ ಕೆಲವೇ ಕೆಬಿ ಹಿಡಿದಿರುವುದು ನಿಮಗೇ ಕಾಣುತ್ತದೆ. ಮೆಮೊರಿ ಬರಿದಾಗುತ್ತಿರುವ ಹೊತ್ತಿನಲ್ಲಿ ಕಡತಕ್ಕೆ ಹೊಸ ಜಾಗ ಹುಡುಕುತ್ತ ಕೂರುವಂತಿಲ್ಲವಾದ್ದರಿಂದ, ಸ್ವಾಪ್ ಕಡತದ ಪ್ರತಿಯೊಂದು ಬ್ಲಾಕ್ ಮೊದಲೇ ಡಿಸ್ಕಿನ ಮೇಲೆ ಇರಬೇಕು ಎಂಬುದು ಕರ್ನೆಲ್‌ನ ಷರತ್ತು. ಆ ಕಡತವನ್ನು ಅಳಿಸಿ, ಡಿಡಿ ಆದೇಶದಿಂದ 1 ಎಂಬಿಯ 4096 ಬ್ಲಾಕುಗಳನ್ನು ಸೊನ್ನೆಯಿಂದ ತುಂಬಿಸಿ ಹೊಸದಾಗಿ ಮಾಡಿ. ಎಕ್ಸ್‌ಟಿ4 ಕಡತವ್ಯವಸ್ಥೆಯಲ್ಲಿ ಫ್ಯಾಲೊಕೇಟ್ ಆದೇಶ ಕೂಡ ನಡೆಯುತ್ತದೆ, ಆದರೆ ಡಿಡಿ ಬಳಸಿದರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ನಿಮ್ಮ ಡಿಸ್ಕಿನಲ್ಲಿ ಒಂದೆರಡು ನಿಮಿಷ ಹಿಡಿಯಬಹುದು, ಅಷ್ಟೆ. (ಬಿಟಿಆರ್‌ಎಫ್‌ಎಸ್ ಕಡತವ್ಯವಸ್ಥೆ ಬಳಸುವವರು ಈ ವಿಧಾನವನ್ನು ಹಾಗೆಯೇ ಅನುಸರಿಸಬೇಡಿ, ಅಲ್ಲಿ ಸ್ವಾಪ್ ಕಡತಕ್ಕೆ ಬದಲಾದುದನ್ನು ಹೊಸ ಜಾಗದಲ್ಲಿ ಬರೆಯುವ ಕಾಪಿ-ಆನ್-ರೈಟ್ ನಿಲ್ಲಿಸಬೇಕು, ಕರ್ನೆಲ್ 5.0ಕ್ಕಿಂತ ಹಿಂದೆ ಅದಕ್ಕೆ ಅವಕಾಶವೇ ಇರಲಿಲ್ಲ.)

ಅನುಮತಿಯ ಎಚ್ಚರಿಕೆಯನ್ನು ಕಡೆಗಣಿಸಬೇಡಿ. ಸ್ವಾಪ್‌ಗೆ ಹೋಗುವುದು ಮೆಮೊರಿಯ ಪೇಜುಗಳು, ಅಂದರೆ ಸಣ್ಣ ತುಂಡುಗಳು. ಅವುಗಳಲ್ಲಿ ನಿಮ್ಮ ಪಾಸ್‌ವರ್ಡ್ ಕೂಡ ಇರಬಹುದು. ಎಂಕೆಸ್ವಾಪ್‌ಗೆ ಮುಂಚೆಯೇ ಸಿಎಚ್‌ಮಾಡ್ 600 ಮಾಡಿ (ಆಗ ಕಡತದ ಮಾಲೀಕರು ಮಾತ್ರ ಅದನ್ನು ಓದಬಲ್ಲರು). ಕೊನೆಯಲ್ಲಿ ಎಫ್‌ಎಸ್‌ಟ್ಯಾಬ್‌ಗೆ ಒಂದು ಸಾಲು ಸೇರಿಸಿ: ಕಡತದ ಪೂರ್ಣ ಹಾದಿ, ಬಳಿಕ ನನ್, ಸ್ವಾಪ್, ಎಸ್‌ಡಬ್ಲ್ಯು, ಸೊನ್ನೆ, ಸೊನ್ನೆ. ಪಾರ್ಟಿಷನ್ನಿನ ಸಾಲಿಗೆ ನೋಫೇಲ್ ಆಯ್ಕೆಯನ್ನೂ ಸೇರಿಸಿದರೆ ಮುಂದೆ ಯುಯುಐಡಿ ಬದಲಾದರೂ ಬೂಟ್ ಅದಕ್ಕಾಗಿ ಕಾಯುವುದಿಲ್ಲ.

ಎರಡನೆಯವರ ಉತ್ತರ

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಹಾರ್ಡ್ ಡಿಸ್ಕಿನಿಂದ 4 ಕೆಬಿಯ ಒಂದು ಪೇಜನ್ನು ಹುಡುಕಿ ತರಲು ಹತ್ತು ಮಿಲಿಸೆಕೆಂಡಿನ ಆಸುಪಾಸು ಬೇಕು, ರ್‍ಯಾಮ್‌ನಲ್ಲಿ ಅದೇ ಕೆಲಸಕ್ಕೆ ನೂರು ನ್ಯಾನೊಸೆಕೆಂಡ್ ಸಾಕು. ಅಂತರ ಲಕ್ಷ ಪಟ್ಟು. ಆದ್ದರಿಂದ ಇಂಥ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕಿಗೆ ಹೋಗುವ ಮುನ್ನ ಜಡ್‌ರ್‍ಯಾಮ್ ಇರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದು ಪೇಜುಗಳನ್ನು ಕುಗ್ಗಿಸಿ ರ್‍ಯಾಮ್‌ನಲ್ಲೇ ಇಡುತ್ತದೆ. ಫೆಡೋರಾ 2020ರಲ್ಲಿ ಬಂದ ತನ್ನ 33ನೆಯ ಆವೃತ್ತಿಯಿಂದ ಇದನ್ನೇ ಪೂರ್ವನಿಯೋಜಿತವಾಗಿ ಬಳಸುತ್ತಿದೆ. ಡೆಬಿಯನ್ನಿನಲ್ಲಿ ಜಡ್‌ರ್‍ಯಾಮ್-ಟೂಲ್ಸ್ ಪ್ಯಾಕೇಜ್ ಹಾಕಿ, ಆದ್ಯತೆಯನ್ನು 100 ಎಂದಿಟ್ಟರೆ ಮೊದಲು ಅದು ತುಂಬಿ, ಬಳಿಕವೇ ಡಿಸ್ಕಿನ ಸರದಿ ಬರುತ್ತದೆ. ಬಿಳಿ ಹಿನ್ನೆಲೆಯ ಪುಟಗಳು ಚೆನ್ನಾಗಿ ಕುಗ್ಗುತ್ತವೆ. ಹಳದಿಗಟ್ಟಿದ ಕಾಗದದ ಬಣ್ಣದ ಸ್ಕ್ಯಾನ್ ಅಷ್ಟಾಗಿ ಕುಗ್ಗದು.

ಸ್ವಾಪಿನೆಸ್ ಅನ್ನು 10ಕ್ಕೆ ಇಳಿಸಿ ಎಂಬ ಸಲಹೆ ನಿಮಗೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಈಗಲೇ ಅದಕ್ಕೆ ಕೈ ಹಾಕಬೇಡಿ. ಅದರ ಪೂರ್ವನಿಯೋಜಿತ ಮೌಲ್ಯ 60 ಎಂದರೆ 60 ಶೇಕಡ ರ್‍ಯಾಮ್ ತುಂಬಿದಾಗ ಸ್ವಾಪ್ ಶುರು ಎಂದು ಅರ್ಥವಲ್ಲ. ಮೆಮೊರಿ ಬಿಡಿಸಿಕೊಳ್ಳಬೇಕಾದಾಗ ಪ್ರೋಗ್ರಾಮಿನ ಪೇಜುಗಳನ್ನು ಸ್ವಾಪ್‌ಗೆ ಕಳಿಸುವುದೋ, ಕಡತಗಳ ಕ್ಯಾಶ್ ಅನ್ನು ಬಿಟ್ಟುಕೊಡುವುದೋ ಎಂಬ ತೂಕದಲ್ಲಿ ಯಾವ ಕಡೆ ಎಷ್ಟು ವಾಲಬೇಕು ಎಂಬುದನ್ನು ಮಾತ್ರ ಅದು ಹೇಳುತ್ತದೆ. ಕರ್ನೆಲ್ 5.8ರಿಂದ ಅದರ ಮಿತಿ 200ರವರೆಗೆ ಹೋಗಿರುವುದೂ ಅದಕ್ಕೇ. ಮೊದಲು ವಿಎಂಸ್ಟ್ಯಾಟ್‌ಗೆ 1 ಎಂದು ಕೊಟ್ಟು, ಕೆಲಸ ಮಾಡುತ್ತ ಎಸ್‌ಐ (ಸ್ವಾಪ್‌ನಿಂದ ಬಂದದ್ದು) ಮತ್ತು ಎಸ್‌ಒ (ಸ್ವಾಪ್‌ಗೆ ಹೋದದ್ದು) ಕಾಲಂಗಳನ್ನು ಗಮನಿಸಿ. ಒಮ್ಮೊಮ್ಮೆ ಅಂಕಿ ಮೂಡಿ ಮಾಯವಾದರೆ ಚಿಂತೆಯಿಲ್ಲ. ಎರಡರಲ್ಲೂ ಸಾವಿರಗಳು ಬಿಡದೆ ಓಡುತ್ತಿದ್ದರೆ ತೆರೆದ ಪುಟಗಳ ಸಂಖ್ಯೆಯನ್ನು ಇಳಿಸಬೇಕು, ಇಲ್ಲವೇ ರ್‍ಯಾಮ್ ಹಾಕಿಸಬೇಕು.

ಗಿಂಪ್‌ನ ಪ್ರಾಶಸ್ತ್ಯಗಳಲ್ಲಿ ಕಾಣುವ ಸ್ವಾಪ್ ಫೋಲ್ಡರ್ ಎಂಬುದು ಗಿಂಪ್ ತನಗಾಗಿ ಇಟ್ಟುಕೊಂಡದ್ದು, ನಾವು ಇಲ್ಲಿ ಮಾತನಾಡುತ್ತಿರುವ ಸ್ವಾಪ್‌ಗೂ ಅದಕ್ಕೂ ನಂಟಿಲ್ಲ. ಅಲ್ಲೇ ಇರುವ ಟೈಲ್ ಕ್ಯಾಶ್ ಗಾತ್ರವನ್ನು (ಚಿತ್ರಗಳಿಗಾಗಿ ಗಿಂಪ್ ಬಳಸುವ ಮೆಮೊರಿಯ ಮಿತಿ) 1 ಜಿಬಿಗೆ ಇಳಿಸಿದರೆ ನಿಮಗೆ ಸಹಾಯವಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರೂ ಹೇಳಿದಂತೆ ಮಾಡಿದೆ. ಬೂಟ್ ಮೊದಲಿನ ವೇಗಕ್ಕೆ ಬಂದಿದೆ. ಸ್ವಾಪ್‌ಆನ್‌ನ ಪಟ್ಟಿಯಲ್ಲಿ ಈಗ ಮೂರು ಸಾಲುಗಳಿವೆ: ಜಡ್‌ರ್‍ಯಾಮ್‌ಗೆ ಆದ್ಯತೆ 100, ಪಾರ್ಟಿಷನ್ನಿಗೆ ಮತ್ತು ಕಡತಕ್ಕೆ ಋಣಸಂಖ್ಯೆಗಳು. ಹನ್ನೆರಡು ಪುಟಗಳನ್ನು ತೆರೆದು ಎರಡು ಗಂಟೆ ಕೆಲಸ ಮಾಡಿದೆ, ಗಿಂಪ್ ಮುಚ್ಚಲಿಲ್ಲ. ಎಸ್‌ಒ ಕಾಲಂನಲ್ಲಿ ಪುಟ ತೆರೆಯುವಾಗ ಅಂಕಿ ಬಂದು ಹೋಗುತ್ತದೆ, ಎಸ್‌ಐ ಬಹುಪಾಲು ಸೊನ್ನೆಯೇ. ಹದಿನೆಂಟು ಪುಟ ತೆರೆದಾಗ ಮಾತ್ರ ಎರಡೂ ನಿಲ್ಲದೆ ಓಡಿ ಮೌಸ್ ತಡವರಿಸಿತು, ಆದ್ದರಿಂದ ಹನ್ನೆರಡಕ್ಕೇ ನಿಲ್ಲಿಸಿಕೊಂಡಿದ್ದೇನೆ. ಸ್ವಾಪಿನೆಸ್ ಅನ್ನು ಮುಟ್ಟಿಲ್ಲ.