ಮೊದಲ ಸಲ ನಾಸ್ಕಾರ್ ಕಾರ್ ರೇಸ್‌ಗೆ ಹೋಗ್ತಿದ್ದೇವೆ, ಅತ್ತೆ ಮಾವ ಜೊತೆಗೆ. ಶಾರ್ಲೆಟ್‌ನ ಕೋಕಾ-ಕೋಲಾ 600 ಸರಿಯಾ?

ಕ್ಯಾರಿ ಸೊಸೆ

ನಾವಿರೋದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಮೇ ತಿಂಗಳಲ್ಲಿ ಅತ್ತೆ ಮಾವ ದಾವಣಗೆರೆಯಿಂದ ಬರುತ್ತಿದ್ದಾರೆ. ನಯಾಗರಾ, ವಾಷಿಂಗ್ಟನ್ ಎಲ್ಲ ಹೋದ ಸಲವೇ ಮುಗಿದಿದೆ. ಮಾವ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ದೇವಸ್ಥಾನಕ್ಕೆ ಕರ್ಕೊಂಡು ಹೋದರೂ ಪಾರ್ಕಿಂಗ್‌ನಲ್ಲಿ ನಿಂತಿರೋ ದೊಡ್ಡ ಟ್ರಕ್ ಹತ್ರಾನೇ ಅರ್ಧ ಗಂಟೆ ಕಳೀತಾರೆ. ಅದಕ್ಕೇ ಮೇ ಕೊನೆಯ ಮೆಮೋರಿಯಲ್ ಡೇ ವಾರಾಂತ್ಯದಲ್ಲಿ ಶಾರ್ಲೆಟ್ ರೇಸ್‌ಗೆ ಕರ್ಕೊಂಡು ಹೋಗೋಣ ಅಂತ ನಾನು, ನಮ್ಮೆಜಮಾನ್ರು ಅಂದ್ಕೊಂಡಿದ್ದೇವೆ. ಮಗನಿಗೆ ಎಂಟು ವರ್ಷ.

ನನಗೆ ರೇಸ್ ಬಗ್ಗೆ ಏನೂ ಗೊತ್ತಿಲ್ಲ. ಮುಂದಿನ ಸಾಲಿನ ಟಿಕೆಟ್ ಕಡಿಮೆ ರೇಟಿಗೆ ಕಾಣಿಸ್ತಿದೆ, ತಗೊಳ್ಳಲಾ? ಊಟಕ್ಕೆ ಏನು ಮಾಡೋದು, ಅತ್ತೆ ಪೂರ್ತಿ ಸಸ್ಯಾಹಾರಿ. ಮಳೆ ಬಂದ್ರೆ? ಇನ್ನೊಂದು, ನೇರವಾಗಿ ಕೇಳ್ತೀನಿ, ಸೀರೆ ಉಟ್ಕೊಂಡಿರೋ ಅಜ್ಜಿ ಜೊತೆ ಅಲ್ಲಿ ಕೂತ್ರೆ ಜನ ಹೇಗೆ?

ಕಾಂಕರ್ಡ್ ಗೌಡ

ಮೇಡಂ, ಮುಂದಿನ ಸಾಲು ಬೇಡವೇ ಬೇಡ. ರೇಟ್ ಕಡಿಮೆ ಇರೋದಕ್ಕೆ ಕಾರಣ ಇದೆ. ಕ್ರಿಕೆಟ್ ಥರ ಹತ್ತಿರ ಕೂತಷ್ಟೂ ಚೆಂದ ಅಂತ ಇಲ್ಲಿ ಲೆಕ್ಕ ಹಾಕಬೇಡಿ. ಕೆಳಗೆ ಕೂತರೆ ಕಣ್ಣೆದುರು ತಂತಿ ಬೇಲಿ, ಅದರಾಚೆ ಬಣ್ಣ ಬಣ್ಣದ ಗೆರೆ ಸರ್ ಅಂತ ಹೋಗುತ್ತೆ, ಅಷ್ಟೇ. ಆಚೆ ಬದಿಯಲ್ಲಿ ಏನಾಗ್ತಿದೆ ಗೊತ್ತಾಗಲ್ಲ. ಜೊತೆಗೆ ಟೈರ್ ಸವೆದು ಏಳುವ ರಬ್ಬರ್ ಚೂರು ತಲೆ ಮೇಲೆ, ಕುಡಿಯೋ ಲೋಟದೊಳಗೆ ಎಲ್ಲ ಬೀಳುತ್ತೆ. ಮೇಲಿನ ಸಾಲು ತಗೊಳ್ಳಿ, ಸಾಧ್ಯವಾದಷ್ಟು ಮೇಲೆ. ಟ್ರ್ಯಾಕ್ ಒಂದೂವರೆ ಮೈಲಿ, ಮೇಲಿಂದ ಪೂರ್ತಿ ಕಾಣುತ್ತೆ. ಮಾವನವರು ಮೆಕ್ಯಾನಿಕ್ ಅಂದ್ರಲ್ಲ, ಹಾಗಿದ್ರೆ ಪಿಟ್ ರೋಡ್, ಅಂದ್ರೆ ಟೈರ್ ಪೆಟ್ರೋಲ್‌ಗೆ ಕಾರು ನಿಲ್ಲಿಸೋ ಜಾಗ, ಇರೋ ಮುಂಭಾಗದ ಸ್ಟ್ಯಾಂಡೇ ಆಗಬೇಕು.

ಮಳೆ ವಿಷಯ. ಇಂಥ ಓವಲ್ ಟ್ರ್ಯಾಕ್‌ನಲ್ಲಿ ಒದ್ದೆ ನೆಲದ ಮೇಲೆ ಓಡಿಸಲ್ಲ. ನಿಲ್ಲಿಸಿ, ಒಣಗಿಸಿ, ಮತ್ತೆ ಶುರು ಮಾಡ್ತಾರೆ, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತೆ. ಅರ್ಧ ದೂರ ಮುಗಿದಿದ್ದರೆ ಅಲ್ಲಿಗೇ ಫಲಿತಾಂಶ ಹೇಳಿ ಮನೆಗೆ ಕಳಿಸಲೂಬಹುದು. 2024ರಲ್ಲಿ 400 ಸುತ್ತಿನ ಬದಲು 249ಕ್ಕೇ ಮುಗೀತು, ಕ್ರಿಸ್ಟೋಫರ್ ಬೆಲ್ ಗೆದ್ದ. ಅವತ್ತು ಪಾಪ ಕೈಲ್ ಲಾರ್ಸನ್ ಅನ್ನೋ ಡ್ರೈವರ್ ಇಂಡಿಯಾನಾಪೊಲಿಸ್‌ನಲ್ಲಿ ಅದೇ ದಿನದ ಇನ್ನೊಂದು ದೊಡ್ಡ ರೇಸ್ ಇಂಡಿ 500 ಓಡಿಸಿ, ಅಲ್ಲಿಂದ ಹಾರಿ ಬಂದು ಇಲ್ಲಿ ಒಂದು ಸುತ್ತೂ ಹಾಕದೆ ನಿಂತ. ಶುರುವೇ ಆಗದಿದ್ರೆ ಸೋಮವಾರಕ್ಕೆ ಹೋಗುತ್ತೆ. ಸೋಮವಾರ ಹೇಗೂ ರಜೆ, ಹೋಟೆಲ್ ಅನ್ನು ಆ ರಾತ್ರಿಗೂ ರದ್ದು ಮಾಡಲು ಬರುವ ಹಾಗೆ ಬುಕ್ ಮಾಡಿಡಿ. ಮುಗಿದ ತಕ್ಷಣ ಕಾರ್ ತೆಗೀಬೇಡಿ, ಎಲ್ಲರೂ ಒಟ್ಟಿಗೇ ಹೊರಡ್ತಾರೆ. ಡಿಕ್ಕಿಯಲ್ಲಿ ನಾಲ್ಕು ಕುರ್ಚಿ, ತಿನ್ನಲು ಏನಾದ್ರೂ ಇದ್ರೆ ಅಲ್ಲೇ ಒಂದು ಗಂಟೆ ಹರಟೆ ಹೊಡೀರಿ.

ನಟ್ಟು ಬೋಲ್ಟು

ಮಾವನವರಿಗೆ ರೇಡಿಯೋ ಸ್ಕ್ಯಾನರ್ ಬಾಡಿಗೆಗೆ ಕೊಡಿಸಿ, ಡ್ರೈವರ್ ಮತ್ತು ತಂಡದವರ ಮಾತು ಅದರಲ್ಲಿ ಕೇಳಿಸುತ್ತೆ. ಇದನ್ನ ಯಾರೂ ಮೊದಲ ಸಲಕ್ಕೆ ಹೇಳಲ್ಲ, ಆದ್ರೆ ಅರ್ಧ ರೇಸ್ ಇರೋದೇ ಕಿವಿಯಲ್ಲಿ. ಡ್ರೈವರ್‌ಗೆ ಪಕ್ಕದಲ್ಲಿ ಯಾರಿದ್ದಾರೆ ಅಂತ ಸರಿಯಾಗಿ ಕಾಣಲ್ಲ. ಸ್ಟ್ಯಾಂಡಿನ ಮೇಲ್ತುದಿಯಲ್ಲಿ ನಿಂತ ಸ್ಪಾಟರ್ ಒಬ್ಬ "ಒಳಗಡೆ ಒಬ್ಬ ಇದಾನೆ, ಇನ್ನೂ ಇದಾನೆ, ಬಾಗಿಲ ಹತ್ರ ಇದಾನೆ, ಹೋದ, ಕ್ಲಿಯರ್" ಅಂತ ರೇಸ್ ಪೂರ್ತಿ ಹೇಳ್ತಾನೇ ಇರ್ತಾನೆ. ಅದನ್ನ ಕೇಳ್ತಾ ಅದೇ ಕಾರನ್ನು ನೋಡಿದ್ರೆ, ಸುಮ್ನೆ ಸುತ್ತು ಹೊಡೀತಾವೆ ಅನ್ನೋ ಮಾತು ಬಾಯಿಗೆ ಬರಲ್ಲ. ಇಂಗ್ಲಿಷ್ ಪೂರ್ತಿ ಅರ್ಥ ಆಗದಿದ್ರೂ ಪರವಾಗಿಲ್ಲ, ಎರಡು ಮೂರು ಪದ ಹಿಡಿದ್ರೆ ಸಾಕು.

ಪಿಟ್ ಸ್ಟಾಪ್ ಬಗ್ಗೆ ಅವರಿಗೆ ಮೊದಲೇ ಸ್ವಲ್ಪ ಹೇಳಿಡಿ. ಐದು ಜನ ಗೋಡೆ ಹಾರಿ ಬರ್ತಾರೆ. ಜಾಕ್ ಒಬ್ಬ, ಟೈರ್ ಹೊರೋನು ಒಬ್ಬ, ಬಿಚ್ಚಿ ಹಾಕೋರು ಇಬ್ಬರು, ಪೆಟ್ರೋಲ್ ಒಬ್ಬ. ಬಂಕ್ ಥರ ಪೈಪ್ ಇಲ್ಲ, ದೊಡ್ಡ ಕ್ಯಾನನ್ನು ಹೆಗಲಿಗೆ ಎತ್ಕೊಂಡು ಬಂದು ಬಗ್ಗಿಸ್ತಾನೆ. ನಾಲ್ಕೂ ಟೈರ್, ಪೆಟ್ರೋಲ್ ಸೇರಿ ಹತ್ತು ಸೆಕೆಂಡಿನ ಆಸುಪಾಸು. ಮೊದಲು ಚಕ್ರಕ್ಕೆ ಐದು ನಟ್ ಇತ್ತು, 2022ರ ಹೊಸ ಕಾರಿನಿಂದ ನಡುವೆ ಒಂದೇ ದೊಡ್ಡ ನಟ್. ಜೀವನ ಪೂರ್ತಿ ಬಸ್ ಚಕ್ರದ ನಟ್ ಬಿಚ್ಚಿದ ಮನುಷ್ಯ, ಖಂಡಿತ ಎದ್ದು ನಿಂತ್ಕೊಳ್ತಾರೆ ನೋಡಿ. ಹಳದಿ ಬಾವುಟ (ಅಪಘಾತ ಗಿಪಘಾತ ಆದಾಗ ಎಲ್ಲರೂ ನಿಧಾನ ಹೋಗಲಿ ಅಂತ ತೋರಿಸೋದು) ಬಂದ ತಕ್ಷಣ ಪಿಟ್ ಕಡೆ ನೋಡೋಕೆ ಹೇಳಿ, ಮುಕ್ಕಾಲು ಪಾಲು ಕಾರುಗಳು ಒಟ್ಟಿಗೆ ನುಗ್ಗುತ್ತವೆ.

ಶುಕ್ರವಾರ ರಜೆ ಸಿಕ್ಕರೆ ಶಾರ್ಲೆಟ್ ಹತ್ತಿರದ ಮೂರ್ಸ್‌ವಿಲ್ ಕಡೆ ಹೋಗಿ. ತುಂಬಾ ತಂಡಗಳ ವರ್ಕ್‌ಶಾಪ್ ಇರೋದು ಆ ಸುತ್ತಮುತ್ತಲೇ. ಕೆಲವು ಕಡೆ ವಾರದ ದಿನ ಕೆಲಸ ನಡೆಯೋದನ್ನ ನೋಡೋಕೆ ಬಿಡ್ತಾರೆ. ಹೋಗೋ ಮುಂಚೆ ಸಮಯ ವಿಚಾರಿಸಿ.

ಪುಟ್ಟಿ ಅಮ್ಮ

ಕಿವಿ ಬಗ್ಗೆ ಯಾರೂ ಹೇಳ್ಲಿಲ್ಲ ಅಲ್ವಾ! ಕಾರುಗಳ ಸದ್ದು ತಮಾಷೆ ಅಲ್ಲ. ಎಲ್ಲರಿಗೂ ಫೋಮ್ ಇಯರ್‌ಪ್ಲಗ್. ಮಗನಿಗೆ ಅದರ ಮೇಲೆ ಇಯರ್‌ಮಫ್ ಕೂಡ. ಫೋಮ್ ಅನ್ನು ಬೆರಳಲ್ಲಿ ಬತ್ತಿ ಹೊಸೆದ ಹಾಗೆ ಸಣ್ಣಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ಹಾಕಿ, ಉಬ್ಬುವವರೆಗೆ ಹಿಡ್ಕೊಳ್ಳಿ. ಸುಮ್ನೆ ಕಿವಿಯ ಹೊರಗಡೆಗೇ ಸಿಕ್ಕಿಸಿದ್ರೆ ಪ್ರಯೋಜನ ಇಲ್ಲ. ಅತ್ತೆಯವರಿಗೆ ಮನೆಯಲ್ಲೇ ಒಂದು ಸಲ ಹಾಕಿ ನೋಡಿ. ಓಲೆ ಜುಮುಕಿ ಇದ್ರೆ ಮಫ್ ಒತ್ತುತ್ತೆ, ಅವತ್ತೊಂದಿನ ತೆಗೆದಿಡಲಿ.

ಊಟ ಮನೆಯಿಂದಲೇ. ಮೆತ್ತನೆ ಕೂಲರ್ ಒಳಗೆ ಬಿಡ್ತಾರೆ, 14 ಇಂಚಿನ ಮಿತಿ, ಗಾಜಿನ ಬಾಟಲಿ ಕೂಡದು. ಹೊರಡೋ ಮುಂಚೆ ಟ್ರ್ಯಾಕ್‌ನ ಸೈಟ್‌ನಲ್ಲಿ ನಿಯಮ ಒಮ್ಮೆ ಓದ್ಕೊಳ್ಳಿ. ನಾವು ಚಪಾತಿಗೆ ಪಲ್ಯ ಸುತ್ಕೊಂಡು, ಮೊಸರನ್ನ ಡಬ್ಬಿಗೆ ಹಾಕ್ಕೊಂಡು ಹೋಗ್ತೇವೆ. ಒಳಗೆ ಸಸ್ಯಾಹಾರ ಅಂದ್ರೆ ಹೆಚ್ಚಾಗಿ ಫ್ರೈಸ್, ಪ್ರೆಟ್ಜೆಲ್, ಅಷ್ಟೇ. ನೀರು ಜಾಸ್ತಿ ಇರಲಿ.

ಜನ ಒಳ್ಳೆಯವರು. ಮೊದಲ ಸಲ ಅಂತ ಗೊತ್ತಾದ್ರೆ ಪಕ್ಕದವರು ಪಾಠಾನೇ ಶುರು ಮಾಡ್ತಾರೆ. ನಿಮ್ಮ ಅಳುಕು ಅರ್ಥ ಆಗುತ್ತೆ, ಹಳೇ ಹೆಸರು ಹಾಗಿತ್ತು. ಗುಲಾಮಗಿರಿ ಉಳಿಸಲು ಬಡಿದಾಡಿದ ದಕ್ಷಿಣ ರಾಜ್ಯಗಳ ಕಾನ್ಫೆಡರೇಟ್ ಬಾವುಟವನ್ನು ನಾಸ್ಕಾರ್ 2020ರಲ್ಲೇ ನಿಷೇಧ ಮಾಡಿದೆ. ಬಿಯರ್ ಮಾತ್ರ ಧಾರಾಳವಾಗಿ ಹರಿಯುತ್ತೆ, ಸಂಜೆ ಏರಿದ ಹಾಗೆ ಗಲಾಟೆ ಸ್ವಲ್ಪ ಏರುತ್ತೆ.

ಶನಿವಾರದವ

ಎಲ್ಲರೂ ಹುರುಪಿನಲ್ಲಿ ಹೇಳ್ತಿದ್ದೀರಿ, ನಾನೊಂದು ಅಡ್ಡಮಾತು ಹೇಳ್ತೀನಿ. 600 ಮೈಲಿ ಅಂದ್ರೆ ನಾಸ್ಕಾರ್‌ನಲ್ಲೇ ಅತಿ ಉದ್ದದ ರೇಸ್. ಸಂಜೆ ಆರರ ಸುಮಾರಿಗೆ ಶುರು, ಹೆಚ್ಚುಕಡಿಮೆ ನಾಲ್ಕು ಗಂಟೆ ಹಿಡಿಯುತ್ತೆ. 2022ರಲ್ಲಿ ಹೆಚ್ಚುವರಿ ಸುತ್ತು ಸೇರಿ ಐದು ಗಂಟೆ ದಾಟಿತ್ತು. ವಯಸ್ಸಾದವರು, ಎಂಟು ವರ್ಷದ ಹುಡುಗ, ಬೆನ್ನಿಗೆ ಆಸರೆ ಸಾಲದ ಸೀಟು, ಆಮೇಲೆ ಕ್ಯಾರಿಗೆ ಎರಡೂವರೆ ಗಂಟೆ ಡ್ರೈವ್. ಯೋಚನೆ ಮಾಡಿ. ಅದರ ಹಿಂದಿನ ದಿನ ಎರಡನೇ ದರ್ಜೆಯ ಸರಣಿಯ 300 ಮೈಲಿ ರೇಸ್ ಇರುತ್ತೆ. ಅದೇ ಟ್ರ್ಯಾಕ್, ಅದೇ ಸದ್ದು, ಅರ್ಧ ಹೊತ್ತು, ಟಿಕೆಟ್ ಅಗ್ಗ.

ಕಾಂಕರ್ಡ್ ಗೌಡ

ಶನಿವಾರ ಹೋಗಿ, ತಪ್ಪಿಲ್ಲ. ಆದ್ರೆ ಭಾನುವಾರದ್ದೇ ಬೇರೆ ಕಥೆ ಗುರು. ಬಿಸಿಲಲ್ಲಿ ಶುರುವಾಗಿ ದೀಪದ ಬೆಳಕಲ್ಲಿ ಮುಗಿಯುತ್ತೆ. ಟ್ರ್ಯಾಕ್ ತಣ್ಣಗಾದ ಹಾಗೆ ಹಿಡಿತ ಬದಲಾಗುತ್ತೆ, ಏಳು ಗಂಟೆಗೆ ಮುಂದಿದ್ದವನು ಒಂಬತ್ತಕ್ಕೆ ಕಾರು ತಿರುಗ್ತಿಲ್ಲ ಅಂತ ರೇಡಿಯೋದಲ್ಲಿ ಗೊಣಗ್ತಿರ್ತಾನೆ. ಆ ಗೊಣಗಾಟ ಮೆಕ್ಯಾನಿಕ್‌ಗೆ ಅರ್ಥ ಆದಷ್ಟು ನಮಗಾಗಲ್ಲ. ಅಂದೇ ಮನೆಗೆ ಹೋಗೋದು ಮಾತ್ರ ಬೇಡ, ಅದನ್ನ ಒಪ್ಕೊಂಡೆ.

ಕ್ಯಾರಿ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಊರಿಗೆ ಫೋನ್ ಮಾಡಿ ಓದಿ ಹೇಳಿದೆ. ಮಾವ ಒಂದೇ ನಟ್ ಅಂದ ತಕ್ಷಣ ಫೋನ್ ಇಸ್ಕೊಂಡು ವಿಡಿಯೋ ಹುಡುಕ್ತಾ ಕೂತಿದ್ದಾರಂತೆ. ಭಾನುವಾರವೇ ಹೋಗ್ತೇವೆ, ಮೇಲಿನ ಸಾಲು, ಎರಡು ರಾತ್ರಿ ಹೋಟೆಲ್. ಅತ್ತೆ ಸಾಕು ಅಂದ್ರೆ ನಾನು ಅವರನ್ನು ಕರ್ಕೊಂಡು ಮುಂಚೆನೇ ಹೊರಡ್ತೀನಿ. ಮಗ ಕೇಳ್ತಿದ್ದಾನೆ, ಯಾರಿಗೆ ಸಪೋರ್ಟ್ ಮಾಡೋದು?

ನಟ್ಟು ಬೋಲ್ಟು

ರಾಸ್ ಚಾಸ್ಟೇನ್. 2025ರ 600ರಲ್ಲಿ ನಲವತ್ತನೇ ಜಾಗದಿಂದ, ಅಂದ್ರೆ ಕಟ್ಟಕಡೆಯಿಂದ ಹೊರಟು ಗೆದ್ದವನು. ಫ್ಲೋರಿಡಾದ ಕಲ್ಲಂಗಡಿ ಬೆಳೆಯೋ ಮನೆತನದವನು, ಗೆದ್ದಾಗ ಕಾರಿನ ಮೇಲೆ ಹತ್ತಿ ಒಂದು ಕಲ್ಲಂಗಡಿಯನ್ನ ಟ್ರ್ಯಾಕ್‌ಗೆ ಎತ್ತಿ ಬಡೀತಾನೆ. ಹುಡುಗನಿಗೆ ಖುಷಿಯಾಗುತ್ತೆ. ಅತ್ತೆಯವರಿಗೆ ಮೊದಲೇ ಹೇಳಿಡಿ, ಒಳ್ಳೇ ಹಣ್ಣು ದಂಡ ಮಾಡಿದ ಅಂತ ಬೈಕೋಬಹುದು.