ಭಾನುವಾರದ ಆರಾಧನೆ ಮುಗಿದ ಮೇಲೂ ಸಭೆಯಾಗಿರುವುದು ಹೇಗೆ?

ಒಲಿವ್‌ಗಿಡ (ಪ್ರಶ್ನೆ):
ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಕಟ್ಟಡ ಸಭೆಯಲ್ಲ (ಚರ್ಚ್ ಅಲ್ಲ), ನಾವೇ ಸಭೆ ಅಂತ ಪ್ರಸಂಗದಲ್ಲಿ ಕೇಳುತ್ತಲೇ ಇರುತ್ತೇವೆ. ಆದರೆ ಆರಾಧನೆ ಮುಗಿಸಿ ಹೊರಟರೆ ಮುಂದಿನ ಭಾನುವಾರದವರೆಗೆ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ವಾರಕ್ಕೊಮ್ಮೆ ಮನೆಕೂಟ ಇದೆ, ಹತ್ತು ಹನ್ನೆರಡು ಜನ ಸೇರುತ್ತಾರೆ. ಅದೂ ಇನ್ನೊಂದು ಪುಟ್ಟ ಆರಾಧನೆಯೇ ಆಗಿದೆ: ಒಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಎಲ್ಲಿಂದ ಸರಿಪಡಿಸಬೇಕು? ಒಬ್ಬರ ಭಾರವನ್ನು ಒಬ್ಬರು ಹೊರುವುದು ಅಂದರೆ ವಾರದ ನಡುವೆ ಏನೇನು ಮಾಡಬೇಕು?

ಗೃಹಸಭೆ:
ಬೈಬಲಿನ ಅಪೊಸ್ತಲರ ಕೃತ್ಯಗಳು 2:42ರಲ್ಲಿ ಮೊದಲ ಸಭೆಯವರು ನಿರತರಾಗಿದ್ದ ನಾಲ್ಕು ಸಂಗತಿಗಳಿವೆ: ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ನಿಮ್ಮಲ್ಲಿ ಮೊದಲನೆಯದು ಉಳಿದ ಮೂರನ್ನೂ ನುಂಗಿದೆ. ತೊಂಬತ್ತು ನಿಮಿಷದ ಕೂಟವಾದರೆ ವಾಕ್ಯಕ್ಕೆ ಮೂವತ್ತು ನಿಮಿಷ ಸಾಕು. ಕಷ್ಟಸುಖ ಹಂಚಿಕೊಳ್ಳುವುದನ್ನೂ ಪ್ರಾರ್ಥನೆಯನ್ನೂ ಮೊದಲಿಗೆ ಇಡಿ. ಕೊನೆಗೆ ಇಟ್ಟದ್ದು ಯಾವಾಗಲೂ ಮೊಟಕಾಗುತ್ತದೆ.

ಹನ್ನೆರಡು ಜನರ ಎದುರು ಯಾರೂ ಮನಸ್ಸು ಬಿಚ್ಚುವುದಿಲ್ಲ, ಬಿಚ್ಚಿದರೂ ಎಲ್ಲರಿಗೂ ಸಮಯ ಸಿಗುವುದಿಲ್ಲ. ಮೂವರು ಮೂವರಾಗಿ ಕೂರಿ, ತಲೆಗೆ ಹತ್ತು ನಿಮಿಷ. ‘ಕುಟುಂಬಕ್ಕಾಗಿ ಪ್ರಾರ್ಥಿಸಿ’ ಎಂದಷ್ಟೇ ಯಾರಾದರೂ ಹೇಳಿದರೆ, ‘ಈ ವಾರ ಯಾವುದಕ್ಕಾಗಿ?’ ಎಂದು ಮೆಲ್ಲಗೆ ಕೇಳಿ. ಹೆಸರು, ತಾರೀಕು, ವಿಷಯ ಬರೆದಿಟ್ಟುಕೊಂಡು ಮುಂದಿನ ವಾರ ‘ಅದು ಏನಾಯಿತು?’ ಎಂದು ವಿಚಾರಿಸಿ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆ ನಿಂತಿರುವುದೇ ಆ ಎರಡನೆಯ ವಿಚಾರಣೆಯ ಮೇಲೆ. ತನ್ನ ಮಾತು ನೆನಪಿನಲ್ಲಿದೆ ಅಂತ ಗೊತ್ತಾದ ಮೇಲೆಯೇ ಮನುಷ್ಯ ನಿಜವಾದ ಕಷ್ಟವನ್ನು ಹೇಳುವುದು.

1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟರು ಎಂಬ ಕ್ರೈಸ್ತ ಗುಂಪಿನವರು ಕೂಟದ ಕಟ್ಟಡದ ಸಾಲ ತೀರಿಸಲು ಸುಮಾರು ಹನ್ನೆರಡು ಜನರಿಗೊಬ್ಬ ನಾಯಕನನ್ನು ನೇಮಿಸಿದರು. ವಾರಕ್ಕೆ ತಲೆಗೊಂದು ಪೆನ್ನಿ ಕೂಡಿಸುವುದು ಅವನ ಕೆಲಸ. ಹಣಕ್ಕಾಗಿ ಮನೆಮನೆಗೆ ಹೋದಾಗ ಜನರ ಬದುಕಿನ ನಿಜಸ್ಥಿತಿ ಕಣ್ಣಿಗೆ ಬಿತ್ತು. ಹಾಗೆ ಆ ಏರ್ಪಾಡು ಆತ್ಮಿಕ ಆರೈಕೆಗೆ ತಿರುಗಿತು. ವಾರಕ್ಕೊಮ್ಮೆಯಾದರೂ ಪ್ರತಿಯೊಬ್ಬರನ್ನು ಕಂಡು ವಿಚಾರಿಸುವುದು ನಾಯಕನ ಕರ್ತವ್ಯವಾಯಿತು.

ಸಭಾಸೇವಕ:
ಭಾರ ಹೊರುವ ವಿಷಯಕ್ಕೆ ಬರುತ್ತೇನೆ. ‘ಏನಾದರೂ ಬೇಕಿದ್ದರೆ ಹೇಳಿ’ ಅನ್ನುವ ಮಾತನ್ನು ಬಿಟ್ಟುಬಿಡಿ. ಕಷ್ಟದಲ್ಲಿರುವವರು ಕೇಳುವುದಿಲ್ಲ, ಸಂಕೋಚಪಡುತ್ತಾರೆ. ‘ಮಂಗಳವಾರ ಸಂಜೆ ಊಟ ತರುತ್ತೇನೆ, ಆಗಬಹುದಾ?’, ‘ಗುರುವಾರ ಮಕ್ಕಳನ್ನು ಶಾಲೆಯಿಂದ ಕರೆತರಲಾ?’ ಎಂದು ದಿನ ಮತ್ತು ಕೆಲಸ ಎರಡನ್ನೂ ಹೇಳಿ ಕೇಳಿ. ಹೂಂ ಅಥವಾ ಬೇಡ ಅನ್ನುವುದಷ್ಟೇ ಅವರಿಗೆ ಉಳಿಯಬೇಕು.

ಶಸ್ತ್ರಚಿಕಿತ್ಸೆಯಾದಾಗ, ಸಾವಾದಾಗ ಮೊದಲ ವಾರ ಮನೆ ತುಂಬ ಜನ. ಮೂರನೆಯ ವಾರಕ್ಕೆ ಯಾರೂ ಇಲ್ಲ, ಕಷ್ಟ ಕಚ್ಚುವುದೇ ಆಗ. ಆದ್ದರಿಂದ ಆರು ವಾರಕ್ಕೆ ಪಟ್ಟಿ ಹಾಕಿ, ವಾರಕ್ಕೆ ಇಬ್ಬರ ಹೆಸರು ಬರೆಯಿರಿ. ಹೊಣೆ ಒಬ್ಬರದೇ ಇರಲಿ; ‘ಎಲ್ಲರೂ ನೋಡಿಕೊಳ್ಳೋಣ’ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಯೆರೂಸಲೇಮಿನಲ್ಲಿ ಗ್ರೀಕ್ ಮಾತಾಡುವ ವಿಧವೆಯರು ದಿನದಿನದ ಹಂಚಿಕೆಯಲ್ಲಿ ಬಿಟ್ಟುಹೋದಾಗ ಅಪೊಸ್ತಲರು ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಲು ಹೇಳಿದ್ದು ನೆನಪಿರಲಿ (ಅ. ಕೃತ್ಯಗಳು 6). ಬಿಟ್ಟುಹೋಗಿದ್ದವರು ಹೊರಗಿನವರಂತೆ ಕಾಣುತ್ತಿದ್ದವರು. ನಿಮ್ಮ ಪಟ್ಟಿಯಲ್ಲೂ ಅಂಥವರ ಹೆಸರನ್ನೇ ಮೊದಲು ನೋಡಿ.

ರೋಗಿಯ ಭೇಟಿ ಹದಿನೈದು ನಿಮಿಷ ಮೀರಬಾರದು. ಕೂತು ಮಾತಾಡಿ. ಪ್ರಾರ್ಥಿಸಲೇ ಎಂದು ಕೇಳಿ, ಒಂದು ಚಿಕ್ಕ ಕೀರ್ತನೆ ಓದಿ. ‘ದೇವರು ಇದನ್ನು ಯಾಕೆ ಅನುಮತಿಸಿದರು’ ಎಂದು ವಿವರಿಸಲು ದಯವಿಟ್ಟು ಹೋಗಬೇಡಿ. ಬೈಬಲಿನಲ್ಲಿ ಕಡುಕಷ್ಟಕ್ಕೆ ಸಿಕ್ಕ ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಜೊತೆಗೆ ಕೂತಿದ್ದಾಗ ಎಲ್ಲ ಸರಿಯಿತ್ತು, ಬಾಯಿ ತೆರೆದ ಮೇಲೆ ಕೆಟ್ಟಿತು.

ಹಣದ ಸಹಾಯಕ್ಕೆ ಕಡಿಮೆಯೆಂದರೆ ಇಬ್ಬರು ಇರಲಿ: ಎಣಿಸುವಾಗಲೂ ಕೊಡುವಾಗಲೂ. ಲೆಕ್ಕ ಬರವಣಿಗೆಯಲ್ಲಿರಲಿ, ಪಡೆದವರ ಹೆಸರು ಮಾತ್ರ ಗುಟ್ಟಾಗಿರಲಿ. ಅಪೊಸ್ತಲ ಪೌಲನು ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಕಾಣಿಕೆಯನ್ನು ಒಬ್ಬನೇ ಒಯ್ಯದೆ ಸಭೆಗಳು ನೇಮಿಸಿದವರ ಜೊತೆಗೆ ಒಯ್ದದ್ದು ಯಾರೂ ತಪ್ಪು ಹೊರಿಸಬಾರದೆಂದೇ (2 ಕೊರಿಂಥ 8:19-21).

ಕೀರ್ತನೆ133:
ಮೇಲಿನ ಎರಡೂ ಉತ್ತರಗಳು ಒಪ್ಪಿಗೆ. ಆದರೆ ಇಂಥ ಕೂಟಗಳು ಒಡೆಯುವುದು ಹೆಚ್ಚಾಗಿ ಬಾಯಿಯಿಂದ. ‘ಅವರಿಗಾಗಿ ಪ್ರಾರ್ಥಿಸಿ, ಗಂಡ ಹೆಂಡತಿ ಮಧ್ಯೆ ಸರಿಯಿಲ್ಲವಂತೆ’ ಎಂಬ ವಿನಂತಿ ಚಾಡಿಯೇ, ಪ್ರಾರ್ಥನೆಯ ಬಟ್ಟೆ ತೊಟ್ಟಿದೆ ಅಷ್ಟೆ. ನಿಯಮ ಸರಳ: ಒಬ್ಬರ ವಿಷಯವನ್ನು ಅವರೇ ಹೇಳಬೇಕು, ಇಲ್ಲವೇ ಅವರ ಒಪ್ಪಿಗೆ ಬೇಕು. ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಮತ್ತೊಮ್ಮೆ ಕೇಳಬೇಕು.

ಮನಸ್ತಾಪ ಬಂದರೆ ಮತ್ತಾಯ 18:15-17ರ ಕ್ರಮ ಹಿಡಿಯಿರಿ. ಮೊದಲು ಇಬ್ಬರೇ ಮುಖಾಮುಖಿ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಕೊನೆಗೆ ಸಭೆಗೆ. ಸಾಮಾನ್ಯವಾಗಿ ಇದು ತಲೆಕೆಳಗಾಗಿ ನಡೆಯುತ್ತದೆ: ಇಡೀ ಸಭೆಗೆ ಗೊತ್ತಾದ ಮೇಲೆ ಕೊನೆಗೆ ಸಂಬಂಧಪಟ್ಟವರ ಕಿವಿಗೆ ಬೀಳುತ್ತದೆ. ಮೆಸೇಜಿನಲ್ಲಿ ಜಗಳ ಬಗೆಹರಿಸಲು ಹೋಗಬೇಡಿ.

ಒಂದು ಎಚ್ಚರಿಕೆ. ಮಗುವಿನ ಮೇಲೆ ದೌರ್ಜನ್ಯವಾಗಿದ್ದರೆ, ಮನೆಯಲ್ಲಿ ಹೊಡೆತ ಬಡಿತ ಇದ್ದರೆ ‘ಮೊದಲು ನೀವಿಬ್ಬರೇ ಮಾತಾಡಿಕೊಳ್ಳಿ’ ಎಂದು ನೊಂದವರನ್ನು ಕಳುಹಿಸಬಾರದು. ಅವರನ್ನು ಸುರಕ್ಷಿತ ಜಾಗಕ್ಕೆ ಸೇರಿಸಿ, ಕಾನೂನಿಗೆ ತಿಳಿಸಿ. ಸಭೆಯ ಹೆಸರು ಕೆಡುತ್ತದೆಂದು ಮುಚ್ಚಿಡುವುದು ಪಾಪ.

ಒಲಿವ್‌ಗಿಡ:
ತುಂಬಾ ಧನ್ಯವಾದ. ಇನ್ನೊಂದು ಪ್ರಶ್ನೆ: ಹಾಸಿಗೆ ಹಿಡಿದವರು, ವಯಸ್ಸಾಗಿ ಮನೆ ಬಿಟ್ಟು ಬರಲಾಗದವರು ಇದರಲ್ಲಿ ಹೇಗೆ ಸೇರುತ್ತಾರೆ?

ಸಭಾಸೇವಕ:
ಎರಡನೆಯ ಶತಮಾನದ ಮಧ್ಯದಲ್ಲೇ ಇದಕ್ಕೆ ಉತ್ತರವಿತ್ತು. ಆ ಕಾಲದ ಕ್ರೈಸ್ತ ಬರಹಗಾರ ಜಸ್ಟಿನ್ ಮಾರ್ಟಿರ್ ಬರೆದಿರುವ ಪ್ರಕಾರ, ಭಾನುವಾರ ರೊಟ್ಟಿ, ದ್ರಾಕ್ಷಾರಸ ಹಂಚಿದ ಮೇಲೆ ಬಾರದವರಿಗೂ ಸಭಾಸೇವಕರು ಒಯ್ಯುತ್ತಿದ್ದರು. ಕರ್ತನ ಭೋಜನ (ಆ ರೊಟ್ಟಿ, ದ್ರಾಕ್ಷಾರಸ) ಯಾರು ಒಯ್ಯಬಹುದು ಎನ್ನುವುದು ನಿಮ್ಮ ಸಭೆಯ ಕ್ರಮದ ಪ್ರಕಾರ, ಪಾಸ್ಟರನ್ನು ಕೇಳಿ. ಸಾಧ್ಯವಾದರೆ ಅದೇ ದಿನ ಹೋಗಿ, ಆರಾಧನೆಯಲ್ಲಿ ಓದಿದ ವಾಕ್ಯವನ್ನೇ ಓದಿ. ನುಂಗಲು ಕಷ್ಟವಿದ್ದರೆ ಎಷ್ಟು ಕೊಡಬಹುದೆಂದು ಮನೆಯವರನ್ನು ಮೊದಲೇ ವಿಚಾರಿಸಿ.

ಅವರನ್ನು ಬರೀ ಪಡೆಯುವವರನ್ನಾಗಿ ಮಾಡಬೇಡಿ. ಕೂಟದ ಪ್ರಾರ್ಥನಾ ಪಟ್ಟಿಯನ್ನು, ಹೆಸರಿದ್ದವರ ಒಪ್ಪಿಗೆ ಪಡೆದು, ದಪ್ಪ ಅಕ್ಷರದಲ್ಲಿ ಬರೆದು ಕೊಡಿ. ಕಣ್ಣು ಕಾಣದಿದ್ದರೆ ಫೋನಿನಲ್ಲಿ ಓದಿ ಹೇಳಿ. ಮುಂದಿನ ಭೇಟಿಯಲ್ಲಿ ಅವರು ಪ್ರಾರ್ಥಿಸಿದ ವಿಷಯಗಳು ಏನಾದವು ಎಂದು ಒಂದೊಂದಾಗಿ ತಿಳಿಸಿ.